ನೀಲಿಗಟ್ಟಿದ ಹರಳಿನ ಋಣ

ಮೊನ್ನೆ ವೈವಾ ಮುಗಿಯಿತು. ಐದೂವರೆ ವರ್ಷದ ಪಿಎಚ್‌ಡಿ. ಎರಡು ದಿನ ಕಣ್ತುಂಬ ನಿದ್ದೆ ಮಾಡಿ ಎದ್ದಿದ್ದೇನೆ, ಇನ್ನು ಋಣದ ಲೆಕ್ಕ.

ಏನು ಮಾಡ್ತೀಯ ಅಂತ ಕೇಳಿದವರಿಗೆಲ್ಲ ‘ಬಿಸಿಗೆ ನಲ್ಲಿ ಕೂರಿಸ್ತೀನಿ’ ಅಂತಿದ್ದೆ. ಲೋಹದ ಆಕ್ಸೈಡುಗಳಲ್ಲಿ ಬಿಸಿಯನ್ನು ಹೊತ್ತೊಯ್ಯುವುದು ಬಹುಮಟ್ಟಿಗೆ ಪರಮಾಣುಗಳ ಕಂಪನ, ಅಂದರೆ ಫೋನಾನ್. ಹರಳಿನಿಂದ ಅಲ್ಲೊಂದು ಇಲ್ಲೊಂದು ಆಕ್ಸಿಜನ್ ಪರಮಾಣು ಕಿತ್ತರೆ ಆ ಖಾಲಿ ಜಾಗಗಳಲ್ಲಿ ಕಂಪನ ಎಡವಿ ಚದುರುತ್ತದೆ, ಬಿಸಿಯ ಹರಿವು ತಗ್ಗುತ್ತದೆ. ಜೆಟ್ ಎಂಜಿನ್ ಬ್ಲೇಡುಗಳನ್ನು ಕಾಯುವ ಇಟ್ರಿಯಾ ಬೆರೆತ ಜಿರ್ಕೋನಿಯಾ ಪದರದಲ್ಲೂ ಇದೇ ಗುಟ್ಟು.

ನನ್ನ ಪಾಲಿಗೆ ಬಂದದ್ದು ಸ್ಟ್ರಾನ್ಷಿಯಂ ಟೈಟನೇಟ್ ಅನ್ನುವ ಆಕ್ಸೈಡ್. ಶುದ್ಧ ಹರಳಾದರೆ ಕೋಣೆಯ ತಾಪದಲ್ಲಿ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 11 ವ್ಯಾಟ್. ಎಂಟು ತಿಂಗಳು ನನಗೆ ಆ 11 ಬರಲೇ ಇಲ್ಲ. ಒಂದು ದಿನ 9, ಇನ್ನೊಂದು ದಿನ 8.

ಅಳೆಯುವ ರೀತಿ ಹೀಗೆ: ಹರಳಿನ ಮೇಲೆ ಸುಮಾರು 100 ನ್ಯಾನೋಮೀಟರ್ ಅಲ್ಯುಮಿನಿಯಂ. ಒಂದು ಲೇಸರ್ ಮಿಡಿತ ಅದನ್ನು ಕಾಯಿಸುತ್ತದೆ, ಬೆನ್ನಿಗೇ ಬರುವ ಇನ್ನೊಂದು ಅದು ಎಷ್ಟು ಬೇಗ ಆರಿತು ಅಂತ ನೋಡುತ್ತದೆ. ಅಲ್ಯುಮಿನಿಯಂ ದಪ್ಪದಲ್ಲಿ ಎಡವಟ್ಟಾದರೆ ಉತ್ತರವೇ ಎಡವಟ್ಟು. ಹಾಗಾಗಿ ನನ್ನ ಅನುಮಾನವೆಲ್ಲ ಅದರ ಮೇಲೇ. ತೆಗೆದೆ, ಹಾಕಿದೆ, ಮತ್ತೆ ತೆಗೆದೆ.

ಫರ್ನೇಸ್ ನೋಡಿಕೊಳ್ಳುವ ಅಣ್ಣ ಒಂದು ಸಂಜೆ ಎರಡು ತುಂಡುಗಳನ್ನು ಬಿಳಿ ಹಾಳೆಯ ಮೇಲಿಟ್ಟು, ‘ಇದ್ಯಾಕೆ ನೀಲಿಗಟ್ಟಿದೆ?’ ಅಂದರು. ಒಂದು ಪೊಟ್ಟಣದಿಂದ ಆಗಷ್ಟೇ ತೆಗೆದದ್ದು, ನೀರಿನಷ್ಟು ತಿಳಿ. ಇನ್ನೊಂದು ನನ್ನದು. ಮೇಲ್ಮೈ ಶುದ್ಧವಾಗಲಿ ಅಂತ ಪ್ರತಿ ಹರಳನ್ನೂ ನಿರ್ವಾತದಲ್ಲಿ ಕೆಂಪಗೆ ಕಾಯಿಸುತ್ತಿದ್ದೆ. ಆಕ್ಸಿಜನ್ ಅಲ್ಲೇ ಹಾರಿಹೋಗುತ್ತಿತ್ತು. ಆಕ್ಸಿಜನ್ ಕಳೆದುಕೊಂಡರೆ ಈ ಹರಳು ನೀಲಿಯಾಗುತ್ತದೆ ಅಂತ ನಾನೇ ಸೆಮಿನಾರಿನಲ್ಲಿ ಹೇಳಿದ್ದೆ! ಕನ್ನಡಿಯಂಥ ಅಲ್ಯುಮಿನಿಯಂ ಹೊದ್ದ ಮೇಲೆ ಬಣ್ಣ ಯಾರಿಗೆ ಕಾಣುತ್ತೆ, ಬಿಡಿ. ಅದೇ ಬಗೆಯ ಇನ್ನೊಂದು ತುಂಡನ್ನು ಆಕ್ಸಿಜನ್ ಹರಿಸುತ್ತ ಕಾಯಿಸಿದೆವು. ನೀಲಿ ಇಳಿಯಿತು, 11 ಬಂತು. ಎಂಟು ತಿಂಗಳ ಅಂಕಿಗಳು ತಪ್ಪಲ್ಲ, ಅವೇ ನನ್ನ ಫಲಿತಾಂಶ ಅಂತ ಗೊತ್ತಾದಾಗ ಲ್ಯಾಬಿನ ನೆಲದ ಮೇಲೇ ಕೂತುಬಿಟ್ಟೆ.

ಅಣ್ಣಾ, ನಿಮ್ಮ ಹೆಸರು ಥೀಸಿಸ್‌ನ ಮೊದಲ ಪುಟದಲ್ಲಿದೆ.

ನನ್ನ ಗೈಡ್‌ಗೂ ಇಲ್ಲೇ ಕೈ ಮುಗಿಯುತ್ತೇನೆ. 2020ರಲ್ಲಿ ಬೇರೊಂದು ತಂಡದವರು ಸ್ಟ್ರಾನ್ಷಿಯಂ ಕೋಬಾಲ್ಟ್ ಆಕ್ಸೈಡಿಗೆ ವೋಲ್ಟೇಜ್ ಕೊಟ್ಟು ಆಕ್ಸಿಜನ್, ಹೈಡ್ರೋಜನ್ ತುಂಬಿ ಉಷ್ಣವಾಹಕತೆಯನ್ನು ಸುಮಾರು ಹತ್ತು ಪಟ್ಟು ಆಚೀಚೆ ಮಾಡಿದ್ದರು. ಅದನ್ನು ಓದಿದ ದಿನ ‘ನಲ್ಲಿ ಬೇರೆಯವರು ಕೂರಿಸಾಯ್ತು, ಬಿಡ್ತೀನಿ’ ಅಂದಿದ್ದೆ. ‘ಅವರ ನಲ್ಲಿ ಅವರದು, ನೀನು ಅಳತೆ ಮುಗಿಸು’ ಅಂದು ಗೈಡ್ ತಿರುಗಿ ಕಳಿಸಿದರು. ತಮ್ಮ ಲೇಸರ್ ಸರದಿಯ ರಾತ್ರಿಗಳನ್ನು ನನಗೆ ಬಿಟ್ಟುಕೊಟ್ಟ ಇಬ್ಬರು ಜೂನಿಯರ್‌ಗಳಿಗೆ, ಫೋನಾನ್ ಅಂದರೇನೆಂದು ಇಂದಿಗೂ ಕೇಳದ ಅಮ್ಮನಿಗೆ ಥ್ಯಾಂಕ್ಸ್ ಅಂದರೆ ಬೈಗುಳ ಬರುತ್ತದೆ.

ಆ ನೀಲಿ ತುಂಡನ್ನು ಮಾತ್ರ ತಿಳಿಯಾಗಿಸಲಿಲ್ಲ. ಫರ್ನೇಸ್ ಪಕ್ಕ, ಅಣ್ಣನ ಮೇಜಿನ ಮೇಲೆ, ಅದೇ ಬಿಳಿ ಹಾಳೆಯ ಮೇಲಿದೆ.