ಎರಡೂ ಬಲಗೈ ಇರುವ ಮೆಗಾಟ್ರಾನ್: ಹಣ ಮರಳಿಸುವಂತೆ ದೂರು

ಇಂದ,
ತಮ್ಮ ಗ್ರಾಹಕ (ಲಾರಿ ಬಾಡಿ ಪೇಂಟರ್),
ಹಳೆಯ ಪಿ.ಬಿ. ರಸ್ತೆ, ದಾವಣಗೆರೆ

ಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಆಟಿಕೆ ಮತ್ತು ಸಂಗ್ರಹ ವಸ್ತುಗಳ ಮಾರಾಟ ಸಂಸ್ಥೆ

ವಿಷಯ: ಅಸಲಿ ಎಂದು ಮಾರಿದ ಮೆಗಾಟ್ರಾನ್ ಗೊಂಬೆ ನಕಲಿಯಾಗಿರುವುದು ಮತ್ತು ಅದನ್ನು ವಾಪಸ್ ಪಡೆಯಲು ನಿರಾಕರಿಸಿರುವುದರ ಬಗ್ಗೆ.

ಮಾನ್ಯರೇ,

ಕಳೆದ ತಿಂಗಳು 4,850 ರೂಪಾಯಿ ಮೊದಲೇ ಪಾವತಿಸಿ ನಿಮ್ಮಿಂದ ಟ್ರಾನ್ಸ್‌ಫಾರ್ಮರ್ಸ್ ಎಂಬ ಕಾರ್ಟೂನಿನ ರೂಪ ಬದಲಿಸುವ ರೋಬೋಟ್ ಮೆಗಾಟ್ರಾನ್‌ನ ಆಕ್ಷನ್ ಫಿಗರ್ (ಕೈಕಾಲು ಆಡಿಸಬಹುದಾದ ಗೊಂಬೆ) ತರಿಸಿಕೊಂಡೆ. ‘ನೂರಕ್ಕೆ ನೂರು ಅಸಲಿ, ಸಂಗ್ರಾಹಕರ ದರ್ಜೆ, ಟ್ಯಾಂಕಾಗಿ ಬದಲಾಗುತ್ತದೆ’ ಎಂದು ನೀವೇ ಬರೆದುಕೊಂಡಿದ್ದಿರಿ. ಬಂದಿರುವುದು ನಕಲಿ. ವಾಪಸ್ ತೆಗೆದುಕೊಳ್ಳಿ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ನಿಮ್ಮ ಸಿಬ್ಬಂದಿಯದು ಒಂದೇ ಪಾಠ: ‘ಪೆಟ್ಟಿಗೆಯ ಸೀಲ್ ಒಡೆದಿದ್ದೀರಿ, ಸಂಗ್ರಹ ವಸ್ತುವಿಗೆ ವಾಪಸಾತಿ ಇಲ್ಲ.’ ನಮ್ಮೂರಿನ ಸಂತೆಯಲ್ಲಿ ಒಂದು ತೆಂಗಿನಕಾಯಿ ಕೊಳ್ಳುವವರೂ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡುತ್ತಾರೆ. ಐದು ಸಾವಿರದ ಹತ್ತಿರ ಕೊಟ್ಟವನು ಪೆಟ್ಟಿಗೆಯನ್ನು ಬಿಚ್ಚದೆ ಪೂಜೆಗೆ ಇಡಬೇಕಿತ್ತೇ?

ಲಾರಿಗೆ ಬಣ್ಣ ಹೊಡೆಯುವವನು ಅದೇ ಕಾರ್ಟೂನಿನಲ್ಲಿ ಲಾರಿಯಾಗುವ ಒಳ್ಳೆಯ ರೋಬೋಟ್ ಆಪ್ಟಿಮಸ್ ಪ್ರೈಮ್‌ನನ್ನು ಬಿಟ್ಟು ಈ ದುಷ್ಟನನ್ನು ಏಕೆ ತರಿಸಿದೆ ಎಂದು ನನ್ನ ಮಗಳೂ ಕೇಳಿದಳು. ದಿನವಿಡೀ ಲಾರಿಗಳ ನಡುವೆ ಇರುವವನಿಗೆ ಮನೆಯ ಕಪಾಟಿನಲ್ಲಿಯೂ ಲಾರಿ ಏಕೆ? ಅಲ್ಲದೆ ಡಿಸೆಪ್ಟಿಕಾನ್ ಎಂಬ ದುಷ್ಟ ರೋಬೋಟ್‌ಗಳ ಪಡೆಯ ಈ ನಾಯಕ ನನಗೆ ಮೊದಲಿನಿಂದಲೂ ಇಷ್ಟ. 1984ರಲ್ಲಿ ಬಂದ ಅವನ ಮೊದಲ ಗೊಂಬೆ ಟ್ಯಾಂಕಾಗುತ್ತಿರಲಿಲ್ಲ, ಪಿಸ್ತೂಲಾಗುತ್ತಿತ್ತು. ಪಿಸ್ತೂಲಿನ ಮೇಲಿನ ದುರ್ಬೀನೇ ಕೈಗೆ ಸಿಕ್ಕಿಸುವ ತೋಪಾಗುತ್ತಿತ್ತು. ಇಷ್ಟನ್ನು ಏಕೆ ಹೇಳುತ್ತಿದ್ದೇನೆಂದರೆ, ಏನೂ ತಿಳಿಯದವನು ಏನೋ ತರಿಸಿಕೊಂಡು ಗಲಾಟೆ ಮಾಡುತ್ತಿದ್ದಾನೆ ಎಂಬ ಧಾಟಿಯಲ್ಲಿ ನಿಮ್ಮವರು ಮಾತನಾಡಿದರು.

ಮೊದಲು ಕೈಯ ವಿಚಾರ. ದಯವಿಟ್ಟು ಲಗತ್ತಿಸಿರುವ ನಾಲ್ಕನೆಯ ಫೋಟೊ ನೋಡಿ. ಗೊಂಬೆಯ ಎರಡೂ ತೋಳುಗಳಿಗೆ ಬಲಗೈ ಮುಷ್ಟಿಯನ್ನೇ ಜೋಡಿಸಲಾಗಿದೆ. ಎಡತೋಳಿನ ಮುಷ್ಟಿಯ ಅಂಗೈಯನ್ನು ತೊಡೆಯ ಕಡೆಗೆ ತಿರುಗಿಸಿದರೆ ಹೆಬ್ಬೆರಳು ಬೆನ್ನಿನ ಕಡೆಗೆ ಹೋಗುತ್ತದೆ. ಹೆಬ್ಬೆರಳನ್ನು ಮುಂದಕ್ಕೆ ತಂದರೆ ಅಂಗೈ ಹೊರಕ್ಕೆ ಮುಖ ಮಾಡುತ್ತದೆ. ರಾತ್ರಿ ಊಟವಾದ ಮೇಲೆ ಅದನ್ನು ತಿರುಗಿಸಿ ತಿರುಗಿಸಿ, ಕೊನೆಗೆ ನನ್ನ ಎಡಗೈಯನ್ನೇ ಪಕ್ಕದಲ್ಲಿ ಹಿಡಿದು ಹೋಲಿಸಿ ನೋಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇಲ್ಲಿ ಅಂಗೈಯೇ ಸಾಕ್ಷಿ. ಅಸಲಿ ಕಾರ್ಖಾನೆಯಿಂದಲೂ ಇಂಥ ತಪ್ಪು ಒಮ್ಮೊಮ್ಮೆ ಆಗಬಹುದು ಎಂದು ನಿಮ್ಮವರು ವಾದಿಸಿದರು. ಇದೊಂದೇ ಆಗಿದ್ದರೆ ನಾನೂ ಒಪ್ಪಿ, ಇನ್ನೊಂದು ಕಳುಹಿಸಿ ಎಂದು ಕೇಳಿ ಸುಮ್ಮನಾಗುತ್ತಿದ್ದೆ.

ಬಣ್ಣದ ವಿಷಯದಲ್ಲಿ ಮಾತ್ರ ನನ್ನೊಡನೆ ವಾದ ಬೇಡ. ಇಪ್ಪತ್ತೆರಡು ವರ್ಷಗಳಿಂದ ನನ್ನ ಕೈಯಲ್ಲಿ ಸ್ಪ್ರೇ ಗನ್ ಇದೆ. ಪೆಟ್ಟಿಗೆ ತೆರೆದ ಕೂಡಲೇ ಮೂಗಿಗೆ ಬಡಿದದ್ದು ಅಗ್ಗದ ಥಿನ್ನರ್ ವಾಸನೆ. ಒಣ ಬಟ್ಟೆಯಿಂದ ಎದೆಯನ್ನು ಮೆಲ್ಲಗೆ ಒರೆಸಿದೆ. ಬೆಳ್ಳಿ ಬಣ್ಣ ಬಟ್ಟೆಗೆ ಬಂತು, ಕೆಳಗೆ ಬೋಳು ಪ್ಲಾಸ್ಟಿಕ್ ಕಂಡಿತು. ಪ್ರೈಮರ್ ಎಂಬುದೇ ಇಲ್ಲ. ಕಣ್ಣಿನ ಕೆಂಪು ಕೆನ್ನೆಗೆ ಇಳಿದಿದೆ, ಅಂದರೆ ಮುಖವನ್ನು ಸರಿಯಾಗಿ ಮರೆಮಾಡದೆ ಹೊಡೆದಿದ್ದಾರೆ. ಶಿರಸ್ತ್ರಾಣದ ನಡುನೆತ್ತಿಯಲ್ಲಿ ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆ ಉಗುರಿಗೆ ತಾಗುವಷ್ಟು ಎದ್ದು ನಿಂತಿದೆ. ಅದನ್ನು ಎಮರಿ ಕಾಗದದಿಂದ ಉಜ್ಜುವ ವ್ಯವಧಾನವೂ ಯಾರಿಗೂ ಇರಲಿಲ್ಲ. ಹೆಗಲಿನ ಬೂದುಬಣ್ಣಕ್ಕೆ ನೇರಳೆಯ ಛಾಯೆ ಹತ್ತಿದೆ. ಇದು ಫೋಟೊ ತೆಗೆದ ಬೆಳಕಿನ ವ್ಯತ್ಯಾಸ ಎಂದು ನಿಮ್ಮ ಉತ್ತರ ಬಂತು. 1986ರ ಟ್ರಾನ್ಸ್‌ಫಾರ್ಮರ್ಸ್ ಚಲನಚಿತ್ರದಲ್ಲಿ ಗ್ರಹದಷ್ಟು ದೊಡ್ಡ ರೋಬೋಟ್ ಯೂನಿಕ್ರಾನ್ ಇದೇ ಮೆಗಾಟ್ರಾನ್‌ನನ್ನು ನೇರಳೆ ಬಣ್ಣದ ಗ್ಯಾಲ್ವಟ್ರಾನ್ ಆಗಿ ಮಾರ್ಪಡಿಸುತ್ತದೆ ಎಂಬುದು ನಿಜ. ಆದರೆ ಅರ್ಧ ಮಾರ್ಪಟ್ಟವನನ್ನು ನಾನು ಕೇಳಿರಲಿಲ್ಲ.

ಟ್ಯಾಂಕಾಗುವ ಮಾತು ಕೇಳಲೇಬೇಡಿ. ಕಾಲು ಮಡಚುವಾಗ ಮೊಣಕಾಲಿನ ಕೀಲು ಅರ್ಧಕ್ಕೇ ನಿಲ್ಲುತ್ತದೆ. ಇನ್ನಷ್ಟು ಒತ್ತಿದರೆ ಮುರಿಯುವ ಸದ್ದು. ಸೊಂಟ ಸಡಿಲ, ನಿಲ್ಲಿಸಿದರೆ ಹಿಂದಕ್ಕೆ ವಾಲುತ್ತಾನೆ. ಕಾರ್ಟೂನಿನಲ್ಲಿ ಬಲಗೈಯ ಮೇಲಿರುವ ಕಪ್ಪು ತೋಪು ಇಲ್ಲಿ ಬಲಗೈಯ ರಂಧ್ರಕ್ಕೆ ಹೋಗುವುದೇ ಇಲ್ಲ, ಎಡಗೈಗೆ ಮಾತ್ರ ಕೂರುತ್ತದೆ. ಜಗತ್ತನ್ನು ಗೆಲ್ಲಲು ಹೊರಟವನನ್ನು ನಾನು ಈಗ ಮಂಡಕ್ಕಿ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. 18 ಸೆಂಟಿಮೀಟರ್ ಎಂದಿದ್ದಿರಿ. ಟೇಪ್ ಹಿಡಿದರೆ ಹದಿನಾರೂವರೆ.

ಪೆಟ್ಟಿಗೆಯ ಮೇಲೆ ‘8 ವರ್ಷ ಮೇಲ್ಪಟ್ಟವರಿಗೆ’ ಎಂದು ಅಚ್ಚಾಗಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್ಐ ಗುರುತು ಕಡ್ಡಾಯ. ಇದರ ಮೇಲೆ ಆ ಗುರುತಿಲ್ಲ, ಆಮದುದಾರರ ಹೆಸರಿಲ್ಲ, ಗರಿಷ್ಠ ಮಾರಾಟ ಬೆಲೆಯೂ ಇಲ್ಲ. ಇದು ಆಟಿಕೆಯಲ್ಲ, ಪ್ರದರ್ಶನದ ವಸ್ತು ಎಂದು ನಿಮ್ಮವರು ಹೇಳಿದರು. ಹಾಗಾದರೆ ಎಂಟು ವರ್ಷದ ಮಗು ಪೆಟ್ಟಿಗೆಯ ಮೇಲೆ ಏಕೆ ಬಂತು?

ಇನ್ನು ಸೀಲಿನ ನೆಪ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ದೋಷವಿರುವ, ನಕಲಿಯಾದ ಅಥವಾ ಜಾಹೀರಾತಿನ ವಿವರಣೆಗೆ ಹೊಂದದ ಸರಕನ್ನು ವಾಪಸ್ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ನನ್ನ ಗೊಂಬೆ ಈ ಮೂರಕ್ಕೂ ಸಲ್ಲುತ್ತದೆ. ಸೀಲ್ ಒಡೆಯುವುದರಿಂದ ಹಿಡಿದು ಗೊಂಬೆ ಹೊರತೆಗೆಯುವವರೆಗೆ ಮಗಳು ಮೊಬೈಲಿನಲ್ಲಿ ಚಿತ್ರೀಕರಿಸಿದ್ದಾಳೆ. ನಾನೇ ಬದಲಿಸಿ ಸುಳ್ಳು ಹೇಳುತ್ತಿದ್ದೇನೆ ಎಂಬ ಅನುಮಾನವಿದ್ದರೆ ಅದನ್ನು ನೋಡಿಕೊಳ್ಳಿ.

ಆದ್ದರಿಂದ ಪೂರ್ತಿ 4,850 ರೂಪಾಯಿಯನ್ನು ನನ್ನ ಬ್ಯಾಂಕ್ ಖಾತೆಗೆ ಮರಳಿಸಬೇಕು, ಗೊಂಬೆಯನ್ನು ನಿಮ್ಮ ಖರ್ಚಿನಲ್ಲೇ ಒಯ್ಯಬೇಕು. ನಿಮ್ಮಲ್ಲಿ ಬೇರೆ ವಸ್ತು ಕೊಳ್ಳಲು ಕೊಡುವ ಕೂಪನ್ ನನಗೆ ಬೇಡ. ಅಷ್ಟೇ ಮುಖ್ಯವಾಗಿ, ಈ ಸರಕಿನ ವಿವರಣೆಯಿಂದ ‘ಅಸಲಿ’ ಎಂಬ ಪದವನ್ನು ತೆಗೆಯಿರಿ; ನಿನ್ನೆ ಸಂಜೆಯೂ ಅದು ಅಲ್ಲೇ ಇತ್ತು. ಅದೇ ನಿಯಮಗಳಂತೆ ಈ ದೂರು ತಲುಪಿದ 48 ಗಂಟೆಗಳಲ್ಲಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯಂತೆ ದೂರುದಾರ ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ನನಗೆ ಅದು ಸೈಕಲ್ಲಿನ ದಾರಿ. ನಿಮಗೆ ಎಷ್ಟು ದೂರವೋ ನೀವೇ ನೋಡಿಕೊಳ್ಳಿ.

ಬಿಲ್ಲಿನ ಪ್ರತಿ, ಒಂಬತ್ತು ಫೋಟೊ ಮತ್ತು ಬೆಳ್ಳಿ ಬಣ್ಣ ಹತ್ತಿದ ಬಟ್ಟೆಯ ತುಂಡನ್ನು ಲಗತ್ತಿಸಿದ್ದೇನೆ. ಪೆಟ್ಟಿಗೆ, ಒಳಗಿನ ಪ್ಲಾಸ್ಟಿಕ್ ತಟ್ಟೆ, ಕಟ್ಟಿದ್ದ ತಂತಿ ಸಹಿತ ಎಲ್ಲವೂ ಜೋಪಾನವಾಗಿವೆ. ಕೊರಿಯರ್‌ನವರು ಬೆಳಿಗ್ಗೆ ಹತ್ತರೊಳಗೆ ಬರಲಿ. ಆಮೇಲೆ ಸ್ಪ್ರೇ ಕೆಲಸ ಶುರುವಾದರೆ ಮಧ್ಯಾಹ್ನದ ಊಟದವರೆಗೆ ಮೊಬೈಲ್ ಮುಟ್ಟುವುದಿಲ್ಲ.

ಇಂತಿ ತಮ್ಮ ಗ್ರಾಹಕ
ದಾವಣಗೆರೆ