ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬರುವ ಮಗಳಿಗೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪಟ್ಟಿ ನೋಡಿದೆ. ಮಾರ್ಚ್ ಕೊನೆಗೆ ಜಪಾನಿಗೆ, ನನ್ನ ಹತ್ತಿರ ಬಂದಾಗ ತೆಗೆಯಲೇಬೇಕಾದ ಫೋಟೋಗಳಂತೆ: ಅಂಗಡಿಯ ಸೂರಿನ ಮೇಲೆ ಕೂತ ಹಾಗೆ ಕಾಣುವ ಫ್ಯೂಜಿ ಬೆಟ್ಟ, ಕ್ಯೋಟೋದ ಗಿಯೋನ್ ಗಲ್ಲಿಯಲ್ಲಿ ಕಿಮೊನೊ ಉಟ್ಟು ನಡೆಯುವ ಹೆಂಗಸು, ಟೋಕಿಯೋದ ಶಿಬುಯಾ ಕ್ರಾಸಿಂಗ್, ಫುಶಿಮಿ ಇನಾರಿ ದೇವಸ್ಥಾನದ ಕೆಂಪು ಕಂಬಗಳು, ನೀರಿನ ಮೇಲೆ ಉದುರಿದ ಚೆರ್ರಿ ಹೂವು. ಚೆನ್ನಾಗಿದೆ. ರೀಲ್ಸ್ ನೋಡಿ ಬರೆದದ್ದು ಅಂತ ಅಮ್ಮನಿಗೂ ಗೊತ್ತಾಗುತ್ತದೆ, ಪರವಾಗಿಲ್ಲ.

ಅದರಲ್ಲಿ ಎರಡು ಮಾತ್ರ ಹೊಡೆದುಹಾಕು. ಆ ಅಂಗಡಿ ಇರುವುದು ಫುಜಿಕಾವಾಗುಚಿಕೊ ಅನ್ನುವ ಊರಿನಲ್ಲಿ. ಫೋಟೋಗೆ ಬಂದವರು ರಸ್ತೆಗೆ ಅಡ್ಡ ನುಗ್ಗಿ, ಕಸ ಬಿಸಾಕಿ, ಎದುರಿನ ಹಲ್ಲಿನ ಡಾಕ್ಟರ ಜಾಗಕ್ಕೆಲ್ಲ ಕಾಲಿಟ್ಟು ಊರವರ ತಾಳ್ಮೆ ಕೆಡಿಸಿದರು. 2024ರ ಮೇ ತಿಂಗಳಲ್ಲಿ ಅಲ್ಲಿ ಎರಡೂವರೆ ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ಬಲೆಯನ್ನೇ ಕಟ್ಟಿಬಿಟ್ಟರು. ಜನ ಅದಕ್ಕೂ ತೂತು ಮಾಡಿ ಲೆನ್ಸ್ ತೂರಿಸಿದರು! ಆಗಸ್ಟ್‌ನಲ್ಲಿ ಬಲೆ ತೆಗೆದರು, ಆದರೆ ಆ ಊರವರ ಮುಂದೆ ನಿಂತು ಅದೇ ಫೋಟೋ ತೆಗೆಯುವುದಕ್ಕೆ ನನಗಂತೂ ಮುಜುಗರ. ಅದೂ ಅಲ್ಲದೆ ವಸಂತದಲ್ಲಿ ಮಬ್ಬು ಜಾಸ್ತಿ, ಫ್ಯೂಜಿ ಮುಖ ತೋರಿಸುವುದೇ ಕಷ್ಟ. ಇನ್ನು ಗಿಯೋನ್. ಅಲ್ಲಿನ ಖಾಸಗಿ ಗಲ್ಲಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ಕೊಡಬೇಕು ಅಂತ 2019ರಿಂದ ಬೋರ್ಡು ಹಾಕಿದ್ದಾರೆ. ಹಾಡು, ಕುಣಿತದ ಕೆಲಸಕ್ಕೆ ಹೊರಟ ಗೀಷಾ ಹೆಣ್ಣುಮಕ್ಕಳ ಹಿಂದೆ ಓಡಿ, ತೋಳು ಹಿಡಿದು ನಿಲ್ಲಿಸುತ್ತಿದ್ದರಂತೆ. ನೀನು ಕಾಲೇಜಿಗೆ ಹೋಗುವಾಗ ನಾಲ್ಕು ಜನ ಹಿಂದೆ ಬಿದ್ದು ಫೋಟೋ ತೆಗೆದರೆ ಅಜ್ಜಿ ಕೋಲು ಹಿಡಿದು ಬರುತ್ತಾರೆ, ಅಲ್ವಾ?

ಈ ಪಟ್ಟಿ ಇವತ್ತಿನದೂ ಅಲ್ಲ. ಫೆಲಿಸ್ ಬಿಯಾಟೊ ಅಂತ ಒಬ್ಬ ಫೋಟೋಗ್ರಾಫರ್ ಇದ್ದ. 1857ರ ದಂಗೆ ಆದಮೇಲೆ ಲಖ್ನೋಗೆ ಹೋಗಿ ಪಾಳುಬಿದ್ದ ಕಟ್ಟಡಗಳನ್ನೂ ಅಂಗಳದಲ್ಲಿ ಬಿದ್ದ ಮೂಳೆಗಳನ್ನೂ ತೆಗೆದವನು ಅವನೇ. 1863ರಲ್ಲಿ ಯೋಕೊಹಾಮಾಗೆ ಬಂದು ಇಪ್ಪತ್ತು ವರ್ಷದ ಮೇಲೆ ಇಲ್ಲೇ ಇದ್ದ. ಸ್ಟುಡಿಯೋದಲ್ಲಿ ಸಮುರಾಯ್ ವೇಷದವರನ್ನು, ಕಿಮೊನೊ ಉಟ್ಟ ಹೆಂಗಸರನ್ನು ನಿಲ್ಲಿಸಿ ತೆಗೆಯುವುದು, ಅದಕ್ಕೆ ಇಲ್ಲಿನ ಕಲಾವಿದರ ಕೈಯಲ್ಲಿ ಬಣ್ಣ ಹಾಕಿಸುವುದು, ಆಲ್ಬಂ ಮಾಡಿ ಪರದೇಶದವರಿಗೆ ಮಾರುವುದು. ಚಿತ್ರಗಳು ಬಹಳ ಚೆನ್ನಾಗಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹೊರಗಿನವರು ಜಪಾನ್ ಅಂದರೆ ಏನು ನೋಡಬೇಕು ಅನ್ನುವುದು ಆಗಲೇ ತಯಾರಾಗಿಬಿಟ್ಟಿತ್ತು. ಇವತ್ತು ಆಲ್ಬಂ ಬದಲು ಫೋನು, ಅಷ್ಟೇ.

ನಾನೂ ಇಲ್ಲಿ ಹೊರಗಿನವಳೇ. ರೆಸಿಡೆನ್ಸ್ ಕಾರ್ಡ್ ಯಾವಾಗಲೂ ಪರ್ಸಿನಲ್ಲಿರಬೇಕು, ಪೊಲೀಸರು ಕೇಳಿದರೆ ತೋರಿಸಬೇಕು, ಮೂಲೆಯಂಗಡಿಗೆ ಹಾಲು ತರಲು ಹೋದಾಗಲೂ. ಟೋಕಿಯೋದ ಈ ನಿಶಿಕಸಾಯ್ ಬಡಾವಣೆಯಲ್ಲಿ ನಮ್ಮ ಇಂಡಿಯಾದವರು ಬಹಳ ಜನ ಇದ್ದೇವೆ, 2000ನೇ ಇಸವಿಯ ಸುಮಾರಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದವರಿಂದ ಶುರುವಾದದ್ದು. ಆದರೂ ಕೈಯಲ್ಲಿ ಕ್ಯಾಮೆರಾ ಇದ್ದರೆ ಜನ ನನ್ನನ್ನು ಟೂರಿಸ್ಟ್ ಅಂದುಕೊಂಡು ಇಂಗ್ಲಿಷಿನಲ್ಲಿ ದಾರಿ ಹೇಳಲು ಬರುತ್ತಾರೆ. ಅದೇ ಬೀದಿಯಲ್ಲಿ, ಅದೇ ಮುಖ, ಕೈಯಲ್ಲಿ ಕಸದ ಚೀಲ ಇದ್ದರೆ ನೇರ ಜಪಾನೀಸಿನಲ್ಲಿ, 'ಕಸದ ಮೇಲೆ ಬಲೆ ಸರಿಯಾಗಿ ಮುಚ್ಚಿ, ಕಾಗೆ ಎಳೆದುಹಾಕುತ್ತೆ' ಅಂತ ಗದರುತ್ತಾರೆ. ನನಗೆ ಗದರಿಸಿಕೊಳ್ಳುವುದೇ ಇಷ್ಟ. ಇಲ್ಲಿ ಇರುವವಳು ಅಂತ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಅನ್ನಿಸುತ್ತದೆ.

ಹಾಗಾಗಿ ನಾನು ತೆಗೆಯುವುದೆಲ್ಲ ಕಸದ ಚೀಲ ಹಿಡಿದು ನಡೆದಾಡುವ ದಾರಿಯಲ್ಲಿ ಕಾಣುವುದೇ. ಬಾಲ್ಕನಿಯ ಕಟಕಟೆಗೆ ಕ್ಲಿಪ್ಪು ಹಾಕಿ ಒಣಗಿಸಿದ ಹಾಸಿಗೆಗಳು. ಹಿಂದೊಂದು ಮುಂದೊಂದು ಮಗುವಿನ ಸೀಟು ಇರುವ ಸೈಕಲ್ಲುಗಳು, ಅದರ ಮೇಲೆ ಮಳೆಯಲ್ಲೂ ಪ್ಲಾಸ್ಟಿಕ್ ಹೊದಿಸಿಕೊಂಡು ಹೊರಡುವ ಅಮ್ಮಂದಿರು. ಹಳೇ ಮನೆಗಳ ಮುಂದೆ ಅಂಗಳವೇ ಇರುವುದಿಲ್ಲ, ಬಾಗಿಲು ತೆರೆದರೆ ರಸ್ತೆ. ಆದರೂ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಒಡೆದ ಬಕೆಟ್ಟಿನಲ್ಲಿ, ಸಿಕ್ಕಿದ್ದರಲ್ಲೆಲ್ಲ ಗಿಡ ಇಟ್ಟು ರಸ್ತೆಯ ಅಂಚನ್ನೇ ಅಂಗಳ ಮಾಡಿಕೊಂಡಿರುತ್ತಾರೆ. ಇವನ್ನು ನೋಡುವಾಗೆಲ್ಲ ಅಜ್ಜಿಯ ಹಿತ್ತಿಲ ನೆನಪು.

ಹೋದ ಸಲ ಕಳಿಸಿದ ಫೋಟೋ ನೋಡಿ 'ಏನಮ್ಮ, ಎಲ್ಲಾ ಸಂಜೆ ತೆಗೆದಿದ್ದಾ?' ಅಂತ ಕೇಳಿದ್ದೆಯಲ್ಲ. ಅಲ್ಲ ಕಣೇ, ಅವು ಮಧ್ಯಾಹ್ನ ಊಟದ ಬಿಡುವಿನಲ್ಲಿ ತೆಗೆದವು. ನಮ್ಮೂರು ಸಾಗರದಲ್ಲಿ ಡಿಸೆಂಬರ್ ನಡುಮಧ್ಯಾಹ್ನವೂ ಸೂರ್ಯ 50 ಡಿಗ್ರಿಗಿಂತ ಮೇಲೇ ಇರುತ್ತಾನೆ. ಟೋಕಿಯೋದಲ್ಲಿ ಆಗ ಸುಮಾರು 31 ಡಿಗ್ರಿ. ಹನ್ನೆರಡು ಗಂಟೆಗೂ ನಿನ್ನ ನೆರಳು ನಿನ್ನ ಎತ್ತರದ ಒಂದೂವರೆ ಪಟ್ಟಿಗಿಂತಲೂ ಉದ್ದ ಬೀಳುತ್ತದೆ. ನಾಲ್ಕೂವರೆಗೆ ಸೂರ್ಯ ಮುಳುಗಿಯೇಬಿಡುತ್ತಾನೆ. ಮೊದಲೆಲ್ಲ ಇದರಿಂದ ಬೇಜಾರಾಗುತ್ತಿತ್ತು, ಆಫೀಸಿಂದ ಹೊರಬಂದರೆ ಕತ್ತಲೆ. ಫೋಟೋ ಹುಚ್ಚು ಹಿಡಿದ ಮೇಲೆ ಚಳಿಗಾಲಕ್ಕೇ ಕಾಯುತ್ತೇನೆ. ಗಾಳಿ ಒಣ, ಆಕಾಶ ತೊಳೆದ ಹಾಗಿರುತ್ತದೆ, ಒಂದು ಸೈಕಲ್ಲಿನ ನೆರಳು ಗೋಡೆ ತುಂಬ ಚಾಚಿಕೊಂಡಿರುತ್ತದೆ. ತೋಜಾಯ್ ಲೈನ್ ಅನ್ನುವ ಮೆಟ್ರೋ ರೈಲು ಮಿನಾಮಿ ಸುನಾಮಾಚಿ ಸ್ಟೇಷನ್ ದಾಟಿ ನೆಲದಡಿಯಿಂದ ಮೇಲೆ ಬಂದು ಅರಕಾವಾ ನದಿಯ ಸೇತುವೆ ಹತ್ತುತ್ತದೆ. ರಜಾದಿನ ಸಂಜೆ ಆ ನದಿ ದಂಡೆಯಲ್ಲಿ ನಿಂತರೆ ಪಡುವಣ ದಿಕ್ಕಿನಲ್ಲಿ ಊರಿನ ಕಟ್ಟಡಗಳ ಹಿಂದೆ ಫ್ಯೂಜಿಯ ಕಪ್ಪು ಆಕಾರ. ಪಟ್ಟಿಯಲ್ಲಿಲ್ಲದ ಫ್ಯೂಜಿ ಇದು, ಪಕ್ಕದಲ್ಲಿ ಬೇಸ್‌ಬಾಲ್ ಆಡುವ ಹುಡುಗರ ಗಲಾಟೆ. ಕೆಲಸದ ದಿನ ರೈಲಿನಿಂದ ತೆಗೆಯೋಣ ಅಂದರೆ, ಆ ನೂಕುನುಗ್ಗಲಲ್ಲಿ ಕೈ ಎತ್ತಲೂ ಜಾಗ ಇರುವುದಿಲ್ಲ. ಚಳಿಗಾಲ ನಿನಗೆ ಈ ಸಲ ಸಿಗುವುದಿಲ್ಲ, ಇನ್ನೊಮ್ಮೆ ಬಾ.

ಈಗ ಮುಖ್ಯ ವಿಷಯ. ನೀನು ಊರಿನ ಸಂತೆಯಲ್ಲಿ ತೆಗೆಯುವ ಹಾಗೆ ಇಲ್ಲಿ ಸುಮ್ನೆ ಜನರ ಮುಖಕ್ಕೆ ಲೆನ್ಸ್ ಹಿಡಿಯಲಾಗದು. ಅಲ್ಲಿ 'ಅಕ್ಕಾ, ನನ್ದೂ ಒಂದು ತೆಗೀರಿ' ಅಂತ ಮಕ್ಕಳೇ ಬಂದು ನಿಲ್ಲುತ್ತಾರೆ. ಇಲ್ಲಿ ಟೀವಿ ಸುದ್ದಿಯಲ್ಲೂ ರಸ್ತೆಯಲ್ಲಿ ಹೋಗುವವರ ಮುಖ ಮಸುಕು ಮಾಡುವುದುಂಟು. ಸರಿಯಾದ ಕಾರಣವಿಲ್ಲದೆ, ಒಪ್ಪಿಗೆಯಿಲ್ಲದೆ ತನ್ನ ಚಿತ್ರ ತೆಗೆಸಿಕೊಳ್ಳದಿರುವ ಸ್ವಾತಂತ್ರ್ಯ ಎಲ್ಲರಿಗೂ ಇದೆ ಅಂತ ಇಲ್ಲಿನ ಸುಪ್ರೀಂ ಕೋರ್ಟೇ 1969ರಲ್ಲಿ ಹೇಳಿದೆ. ಅದೂ ಪೊಲೀಸರು ಮೆರವಣಿಗೆಯ ಫೋಟೋ ತೆಗೆದ ಕೇಸಿನಲ್ಲಿ. ಇಲ್ಲಿ ಕೊಂಡ ಹೆಚ್ಚಿನ ಫೋನುಗಳಲ್ಲಿ ಕ್ಯಾಮೆರಾದ 'ಕ್ಲಿಕ್' ಸದ್ದು ನಿಲ್ಲಿಸಲು ಬರುವುದಿಲ್ಲ. ಹಾಗಂತ ಕಾನೂನು ಇಲ್ಲ, ಕದ್ದು ಫೋಟೋ ತೆಗೆಯುವವರ ಕಾಟಕ್ಕೆ ಕಂಪನಿಗಳೇ ಮಾಡಿಕೊಂಡ ಏರ್ಪಾಡು. ಲೈಬ್ರರಿಯಲ್ಲಿ ಒಂದು ನೋಟೀಸಿನ ಫೋಟೋ ತೆಗೆದರೂ ಹತ್ತು ತಲೆ ತಿರುಗುತ್ತವೆ. ಹೆಂಗಸರ ಮೈಯನ್ನು ಕದ್ದು ಚಿತ್ರಿಸುವವರಿಗೆ 2023ರ ಜುಲೈಯಿಂದ ಇಡೀ ದೇಶಕ್ಕೆ ಒಂದೇ ಕಾನೂನು ಬಂತು. ನಿನ್ನ ಫೋನು ಇಂಡಿಯಾದ್ದು, ಸದ್ದು ಮಾಡುವುದಿಲ್ಲ. ಅದಕ್ಕೇ ರೈಲಿನಲ್ಲಿ ಅದನ್ನು ಎದುರಿನವರ ಕಡೆ ನೆಟ್ಟಗೆ ಹಿಡಿದು ಕೂರಬೇಡ.

ಕೇಳಿ ತೆಗೆ. ಕ್ಯಾಮೆರಾ ತೋರಿಸಿ, ತಲೆ ಸ್ವಲ್ಪ ಬಾಗಿಸಿ, 'ಶಶಿನ್ ಇಇ ದೆಸುಕಾ' ಅಂದರೆ ಸಾಕು. ಕೈಯನ್ನು ಮುಖದ ಮುಂದೆ ಆಡಿಸಿದರೆ ಬೇಡ ಅಂತ ಅರ್ಥ, ಅಲ್ಲಿಗೆ ಬಿಡು. ಕೇಳಿದರೆ ಫೋಟೋದ ಸಹಜತೆ ಹೋಗುತ್ತದೆ ಅಂತ ನೀನು ವಾದ ಮಾಡುತ್ತೀಯ, ಗೊತ್ತು. ಹೋಗುತ್ತದೆ, ನಿಜ. ಆದರೆ ಬೇರೆ ಏನೋ ಸಿಗುತ್ತದೆ. ನಮ್ಮ ಬೀದಿ ಕೊನೆಯ ಅಜ್ಜಿಯೊಬ್ಬರು ಬಾಗಿಲ ಮುಂದೆ ನೀಲಿ ಹೂವಿನ ಬಳ್ಳಿ ಹಬ್ಬಿಸಿದ್ದಾರೆ. ಗಿಡದ ಫೋಟೋ ತೆಗೆಯಲಾ ಅಂತ ಕೇಳಿದೆ, ಗಿಡ ಮಾತ್ರ ಅಂದರು. ಕನ್ವೀನಿಯನ್ಸ್ ಸ್ಟೋರಿನ ಮೆಷೀನಿನಲ್ಲಿ ಅಂಗೈಯಗಲದ ಪ್ರಿಂಟು 40 ಯೆನ್ ಆಸುಪಾಸಿಗೆ ಬರುತ್ತದೆ. ತೆಗೆಸಿ ಕೊಟ್ಟೆ. ಮಾರನೇ ವಾರ ಒಂದು ಚೀಲ ಪರ್ಸಿಮನ್ ಹಣ್ಣು ಬಂತು. ಅದಕ್ಕೆ ನಾನು ಕೊಬ್ಬರಿ ಮಿಠಾಯಿ ಕೊಟ್ಟೆ. ಅದಕ್ಕವರು ಮೂಲಂಗಿ ಕೊಟ್ಟರು. ಇದು ಎಲ್ಲಿಗೆ ನಿಲ್ಲುತ್ತದೋ ಗೊತ್ತಿಲ್ಲ! ಈಗ ಅವರು ಬಳ್ಳಿಯ ಪಕ್ಕ ತಾವೂ ನಿಲ್ಲುತ್ತಾರೆ, ಏಪ್ರನ್ ಮಾತ್ರ ಬಿಚ್ಚಿಟ್ಟು ಬರುತ್ತಾರೆ. ನೀನು ಬಂದಾಗ ಕರೆದುಕೊಂಡು ಹೋಗುತ್ತೇನೆ. ಆದರೆ ಅವರ ಫೋಟೋ ಇನ್‌ಸ್ಟಾಗ್ರಾಂಗೆ ಹಾಕುವಂತಿಲ್ಲ, ಈಗಲೇ ಹೇಳಿದ್ದೇನೆ.

ಹೂವಿನ ಫೋಟೋ ಬೇಕಾದಷ್ಟು ತೆಗೆದುಕೋ, ಹೂವು ಬೇಡ ಅನ್ನುವುದಿಲ್ಲ. ಟೋಕಿಯೋದಲ್ಲಿ ಯಾಸುಕುನಿ ದೇವಸ್ಥಾನದ ಒಂದು ಗೊತ್ತಾದ ಮರದಲ್ಲಿ ಐದಾರು ಹೂವು ಬಿರಿದರೆ ಹವಾಮಾನ ಇಲಾಖೆಯವರು ಹೂವು ಬಂತು ಅಂತ ಘೋಷಿಸುತ್ತಾರೆ. ಅದಾದ ಒಂದು ವಾರದ ಸುಮಾರಿಗೆ ಮರಗಳು ತುಂಬಿರುತ್ತವೆ.

ಊರಲ್ಲಿ ಹೊಸ ಲೆನ್ಸ್ ಕೊಳ್ಳಬೇಡ. ನಕಾನೊ, ಶಿಂಜುಕು ಕಡೆ ಸೆಕೆಂಡ್‌ಹ್ಯಾಂಡ್ ಅಂಗಡಿಗಳಿವೆ, ಲೆನ್ಸಿನಲ್ಲಿ ಕೂದಲೆಳೆಯಷ್ಟು ಬೂಷ್ಟಿದ್ದರೂ ಚೀಟಿಯಲ್ಲಿ ಬರೆದಿಡುತ್ತಾರೆ. ಮಲೆನಾಡಿನ ಮಳೆಗೆ ಅಜ್ಜನ ಕ್ಯಾಮೆರಾ ಏನಾಯಿತು ಅಂತ ನೋಡಿದ್ದೀಯಲ್ಲ. ಇಲ್ಲಿಯೂ ಜೂನ್, ಜುಲೈ ಅದೇ ಕಥೆ.

ಇಲ್ಲಿ ಕರೆಂಟು 100 ವೋಲ್ಟ್, ಚಪ್ಪಟೆ ಕಡ್ಡಿಯ ಪ್ಲಗ್ಗು, ಅಡಾಪ್ಟರ್ ತಾ. ಕ್ಯಾಮೆರಾ ಬ್ಯಾಟರಿ ಕೈಚೀಲದಲ್ಲೇ ಇರಲಿ. ಹಸಿ ಕರಿಬೇವು, ಮಾವಿನಹಣ್ಣು ತರಬೇಡ, ಸರ್ಟಿಫಿಕೇಟ್ ಇಲ್ಲದೆ ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ. ಅಜ್ಜಿ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮಾತ್ರ ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ, ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ತಾ. ನೀನು ಬಂದಿಳಿದ ಮರುದಿನ ಸುಡುವ ಕಸದ ದಿನ. ಎಂಟು ಗಂಟೆಯೊಳಗೆ ಚೀಲ ಕೆಳಗಿರಬೇಕು, ಆ ಕೆಲಸ ನಿನ್ನದು. ಬಲೆ ಸರಿಯಾಗಿ ಮುಚ್ಚು.

ನಿನ್ನ
ಅಮ್ಮ