ಭಾನುವಾರ ಎಸಿ ಕೆಲಸ: ಹಳೇ ಕಾರಿನವರು ತಪ್ಪದೆ ಓದಿ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 8ಕ್ಕೆ ದಾವಣಗೆರೆಯ ಗಾಜಿನ ಮನೆ ಮುಂದೆ ಸೇರೋಣ. ಅಲ್ಲಿಂದ ಹಳೇ ಕಾರಿನ ಎಸಿಗೆ ಹೊಸ ಬಗೆಯ ಗ್ಯಾಸ್ ಹಾಕಿಸೋಕೆ ಪಿ.ಬಿ. ರಸ್ತೆಯ ಗ್ಯಾರೇಜಿಗೆ ಹೋಗೋದು. ಕಾಂಟೆಸ್ಸಾ, ಪ್ರೀಮಿಯರ್ 118 ಎನ್‌ಇ, ಎಸಿ ಹಾಕಿಸಿದ ಅಂಬಾಸಿಡರ್ ಇರುವವರಿಗೆ ಮಾತ್ರ ಈ ಸೂಚನೆ. ಉಳಿದವರು ಬೆಣ್ಣೆ ದೋಸೆ ತಿನ್ನೋಕೆ ಬಂದರೂ ಬೇಡ ಅನ್ನಲ್ಲ.

ಹಳೇ ಎಸಿಗಳಲ್ಲಿ ತಂಪು ಮಾಡೋಕೆ ಇದ್ದದ್ದು ಆರ್-12 ಗ್ಯಾಸ್. ಓಜೋನ್ ಪದರಕ್ಕೆ ಹಾನಿ ಅಂತ ಮಾಂಟ್ರಿಯಲ್ ಒಪ್ಪಂದದಂತೆ 2010ರ ಹೊತ್ತಿಗೆ ಅದು ಬಂದ್ ಆಯ್ತು. ಈಗ ಹಾಕೋದು ಆರ್-134ಎ. "ಸುಮ್ನೆ ಗ್ಯಾಸ್ ತುಂಬಿಸಿ ಸಾರ್" ಅನ್ನೋರ ಮಾತು ಕೇಳಬೇಡಿ. ಕಂಪ್ರೆಸರ್ ಸವೆಯದಂತೆ ಇರುವ ಹಳೇ ಮಿನರಲ್ ಆಯಿಲ್ ಹೊಸ ಗ್ಯಾಸಿನ ಜೊತೆ ಬೆರೆಯಲ್ಲ, ಕಂಪ್ರೆಸರ್‌ಗೆ ವಾಪಸ್ ಬರಲ್ಲ. ನಾನು ಹಾಗೆ ತುಂಬಿಸಿಕೊಂಡು ದುರ್ಗಕ್ಕೆ ಹೊರಟವನು. ಆನಗೋಡು ದಾಟುವಷ್ಟರಲ್ಲಿ ಕಿರ್ರ್ ಅಂತ ಕಂಪ್ರೆಸರ್ ಜಾಮ್, ಬಾನೆಟ್ ಎತ್ತಿದರೆ ಬೆಲ್ಟ್ ಸುಟ್ಟ ವಾಸನೆ, ಹೊಗೆ.

ಅದಕ್ಕೇ ಮೊದಲು ಹಳೇ ಆಯಿಲ್ ತೆಗೆದು ಲೈನ್ ಫ್ಲಶ್ (ಪೈಪುಗಳನ್ನು ತೊಳೆಯೋದು), ಆಮೇಲೆ ಹೊಸ ಗ್ಯಾಸಿನ ಜೊತೆ ಬೆರೆಯುವ ಎಸ್ಟರ್ ಆಯಿಲ್. ಓ-ರಿಂಗ್‌ಗಳು (ಪೈಪಿನ ಜೋಡಣೆ ಲೀಕ್ ಆಗದಂತೆ ಹಾಕುವ ರಬ್ಬರ್ ಉಂಗುರ), ಡ್ರೈಯರ್ (ಲೈನಿನ ತೇವ ಹೀರುವ ಡಬ್ಬಿ) ಎರಡೂ ಹೊಸದೇ ಬೇಕು. ಡ್ರೈಯರ್‌ನ ಮುಚ್ಚಳ ಮನೇಲೇ ಬಿಚ್ಚಿ ನೋಡಬೇಡಿ, ಗಾಳಿಯ ತೇವ ಎಳೆದುಕೊಂಡು ಕೆಡುತ್ತೆ. ಕೊನೆಗೆ ಅರ್ಧ ಗಂಟೆಗೆ ಕಡಿಮೆ ಇಲ್ಲದಂತೆ ವ್ಯಾಕ್ಯೂಮ್ ಎಳೆದು (ಲೈನಿನ ಗಾಳಿ, ತೇವ ಪಂಪಿನಿಂದ ಹೊರತೆಗೆದು), ಲೀಕ್ ಇಲ್ಲ ಅಂತ ಖಾತ್ರಿಯಾದ ಮೇಲೇ ಗ್ಯಾಸ್.

ಒಂದು ಕಾರಿಗೆ ಅರ್ಧ ದಿನ ಹಿಡಿಯುತ್ತೆ, ಹಾಗಾಗಿ ಎರಡೇ ಕಾರು. ಬರುವವರು ಗುರುವಾರ ರಾತ್ರಿಯೊಳಗೆ ಮಾಡೆಲ್, ವರ್ಷ ಬರೆದು ಕಂಪ್ರೆಸರ್‌ನ ಫೋಟೋ ಹಾಕಿ. ಬರೀ ಹೆಬ್ಬೆಟ್ಟು ಒತ್ತಿದರೆ ಲೆಕ್ಕಕ್ಕಿಲ್ಲ!